ಬಿಸಿಲುನಾಡಿನ ಮದುವೆಗೆ ವಾಡೆಯ ನೆರಳು

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಯಾದಗಿರಿ ಜಿಲ್ಲೆಯ ಬಿಸಿಲು ಅಂಥದ್ದು. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟಿತು ಎಂದರೆ ಇಲ್ಲಿಯವರು ಹುಬ್ಬೇರಿಸುವುದಿಲ್ಲ. ಇದೇ ಎರಡು ತಿಂಗಳು ಇಲ್ಲಿ ಲಗ್ನದ ಸುಗ್ಗಿ. ಶಹಾಪುರದಿಂದ ಯಾದಗಿರಿಗೆ ಹೋಗುವ ರಸ್ತೆಯಲ್ಲಿ ಸಿಗುವ ದೋರನಹಳ್ಳಿಯಲ್ಲಾಗಲಿ, ಆಚೀಚಿನ ಹಳ್ಳಿಗಳಲ್ಲಾಗಲಿ ಓಣಿಗೊಂದು ಹಂದರ ಏಳುತ್ತದೆ. ಲಗ್ನಪತ್ರಿಕೆಗಳನ್ನು ಬಿಡಿಸಿ ನೋಡಿದರೆ ಬಹಳಷ್ಟರಲ್ಲಿ ಮುಹೂರ್ತ 12-30ರ ಆಸುಪಾಸಿನಲ್ಲೇ ಇರುತ್ತದೆ. ಸರ್ಕಾರ ತನ್ನ ನೌಕರರನ್ನು ಬಿಸಿಲಿಗೆ ಹೆದರಿ ಮನೆಗೆ ಕಳಿಸುವ ಹೊತ್ತಿಗೆ ನಾವು ಮದುಮಕ್ಕಳನ್ನೂ ಮುದುಕರನ್ನೂ ಎಳೆಗೂಸುಗಳನ್ನೂ ತಗಡಿನ ಸೂರಿನ ಕೆಳಗೆ ಕೂಡಿಸಿ ಅಕ್ಕಿಕಾಳು ಹಾಕುತ್ತೇವೆ.

ಬೇಸಿಗೆಯಲ್ಲೇ ಯಾಕೆ ಮದುವೆ ಎಂದು ಕೇಳುವವರಿಗೆ ಈ ಸೀಮೆಯ ಬದುಕೇ ಉತ್ತರ ಕೊಡುತ್ತದೆ. ತೊಗರಿ, ಹತ್ತಿ, ಜೋಳದ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವುದು ಈಗಲೇ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ನಿಂತ ಮೇಲೆ ಗದ್ದೆಯ ಕೆಲಸವೂ ನಿಲ್ಲುತ್ತದೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡಗಳಲ್ಲಿ ಕಲ್ಲು ಹೊತ್ತವರು, ಸಿಮೆಂಟು ಕಲಸಿದವರು ಊರಿಗೆ ಮರಳುವುದು ಯುಗಾದಿಯ ಹೊತ್ತಿಗೆ. ಮಕ್ಕಳಿಗೆ ಸಾಲಿ ಸೂಟಿ. ಅಕ್ಷಯ ತೃತೀಯ, ಬಸವ ಜಯಂತಿ ಬರುವುದೂ ಈ ದಿನಗಳಲ್ಲೇ. ಮಿರಗ ಕೂಡಿ ಮಳೆ ಬಿತ್ತೆಂದರೆ ಎತ್ತು ಹೊಲಕ್ಕೆ, ಆಳು ಬಿತ್ತನೆಗೆ. ಅದರೊಳಗೆ ಮದುವೆ ಮುಗಿಯಬೇಕು ಎಂದು ಹಿರಿಯರು ಅವಸರ ಮಾಡುವುದರಲ್ಲಿ ಅರ್ಥವಿದೆ.

ಹಾಗಾಗಿ ಬೇಸಿಗೆಯ ಮದುವೆಯನ್ನು ಬಿಡು ಎಂದು ಈ ನಾಡಿಗೆ ಯಾರೂ ಹೇಳಲಾರರು. ಬೇಸಿಗೆಯ ಮದುವೆಯನ್ನು ಘನತೆಯಿಂದ, ಜೀವಕ್ಕೆ ಹಿತವಾಗಿ ಮಾಡುವುದು ಹೇಗೆ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಹಳೆಯ ವಾಡೆಗಳಲ್ಲಿದೆ.

ಹಂದರದಿಂದ ಸುರಗಿಯವರೆಗೆ

ಮದುವೆಯ ಮನೆಯ ಮೊದಲ ಕೆಲಸ ನೆರಳು ಮಾಡುವುದು. ಹಂದರಗಂಬ ತಂದು, ಅರಿಶಿನ ಕುಂಕುಮ ಹಚ್ಚಿ, ಪೂಜೆ ಮಾಡಿ ನೆಡುತ್ತಾರೆ. ಹಿಂದೆ ಅದರ ಮೇಲೆ ಹಸಿ ತಪ್ಪಲು ಹೊದಿಸುತ್ತಿದ್ದರು. ತಪ್ಪಲಿನ ಹಂದರದ ಕೆಳಗೆ ಗಾಳಿ ಆಡುತ್ತದೆ, ಸಂದಿಯಲ್ಲಿ ಬಿಸಿಲು ಸೋಸಿ ಬೀಳುತ್ತದೆ. ಈಗಿನ ಬಣ್ಣದ ಬಟ್ಟೆಯ ಶಾಮಿಯಾನ ಕಣ್ಣಿಗೆ ಚೆಂದ, ಒಳಗೆ ಕೂತವರಿಗೆ ಧಗೆ.

ಮದುವೆಗೆ ಕೆಲವು ದಿನ ಇರುವಾಗಲೇ ಓಣಿಯ ಮನೆಮನೆಗೆ ಜೋಳದ ಹಿಟ್ಟು ಹೋಗುತ್ತದೆ. ಒಂದೊಂದು ಮನೆಯ ಹೆಣ್ಣುಮಕ್ಕಳು ತಮ್ಮ ಒಲೆಯ ಮೇಲೆ ರೊಟ್ಟಿ ಬಡಿದು, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಮದುವೆ ಮನೆಗೆ ಮುಟ್ಟಿಸುತ್ತಾರೆ. ಮಗ್ಗುಲಲ್ಲಿ ಕೂತು ಮುರಿದರೆ ಸದ್ದು ಬರುವಂಥ ಖಟಕ ರೊಟ್ಟಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇರೆ. ಶೇಂಗಾ ಹಿಂಡಿ, ಪುಂಡಿಪಲ್ಯ, ಎಣ್ಣೆಗಾಯಿ, ಬೆಲ್ಲ ಹಾಕಿ ಕುದಿಸಿದ ಗೋಧಿ ಹುಗ್ಗಿ, ಅದರ ಮೇಲೆ ಒಂದು ಸವಟು ತುಪ್ಪ, ಕೊನೆಗೆ ಮಜ್ಜಿಗೆ. ಬಿಸಿಲಿಗೆ ಕೆಡದ, ಹೊಟ್ಟೆಗೆ ಭಾರವಾಗದ ಊಟ ಇದು. ಸಿಹಿ ಒಂದೇ ಆದರೂ ಪಂಕ್ತಿಯಲ್ಲಿ ಕೂತವನು ತೃಪ್ತಿಯಿಂದ ಏಳುತ್ತಿದ್ದ.

ಸುರಗಿಯನ್ನು ಹತ್ತಿರ ನಿಂತು ನೋಡಬೇಕು. ಅಂಗಳದಲ್ಲಿ ಸಾರಿಸಿ ರಂಗೋಲಿ ಹಾಕಿ, ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ನೀರು ಇಡುತ್ತಾರೆ. ಮುತ್ತೈದೆಯರು ಬಿಳಿ ನೂಲನ್ನು ತಂಬಿಗೆಯಿಂದ ತಂಬಿಗೆಗೆ ಸುತ್ತು ಹಾಕುತ್ತಾ ಬರುತ್ತಾರೆ. ಆ ನೂಲಿನ ಚೌಕದ ನಡುವೆ ಮದುಮಕ್ಕಳು ಅರಿಶಿನ ಮೆತ್ತಿದ ಮೈಯಲ್ಲಿ ಕೂತಿರುತ್ತಾರೆ. ಸೋಬಾನೆ ಪದ ನಡೆಯುತ್ತಿದ್ದಂತೆ ನೀರು ಎರೆಯುತ್ತಾರೆ. ತಲೆಯಿಂದ ಇಳಿದ ನೀರು ಅರಿಶಿನದ ಬಣ್ಣ ಹೊತ್ತು ಫರಸಿ ಕಲ್ಲಿನ ಮೇಲೆ ಹರಿದು ಮೋರಿ ಸೇರುತ್ತದೆ. ಈ ಒಂದು ಶಾಸ್ತ್ರಕ್ಕೆ ಬೇಕಾದದ್ದು ತೆರೆದ ಅಂಗಳ, ನೀರು, ನೀರು ಹರಿದುಹೋಗಲು ದಾರಿ, ಸುತ್ತ ನಿಂತು ಹಾಡುವ ಹೆಂಗಸರಿಗೆ ನೆರಳು. ಕಲ್ಯಾಣ ಮಂಟಪದಲ್ಲಿ ಈ ನಾಲ್ಕೂ ಒಟ್ಟಿಗೆ ಸಿಗುವುದು ಅಪರೂಪ. ಅಲ್ಲಿ ಸುರಗಿ ಶೌಚಾಲಯದ ಪಕ್ಕದ ಸಂದಿಗೆ ಹೋಗುತ್ತದೆ, ಇಲ್ಲವೇ ಕ್ಯಾಮೆರಾದ ಮುಂದೆ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಬಿಸಿಲು ಬಲ್ಲವರು ಕಟ್ಟಿದ ಮನೆ

ಶಹಾಪುರ, ಸುರಪುರ ಸೀಮೆಯ ದೇಶಮುಖರು, ದೇಸಾಯಿಗಳು, ಗೌಡರು ಕಟ್ಟಿಸಿದ ವಾಡೆಗಳನ್ನು ನೋಡಿದವರಿಗೆ ಅವುಗಳ ಲೆಕ್ಕಾಚಾರ ತಿಳಿಯುತ್ತದೆ. ಕಲ್ಲು, ಮಣ್ಣು, ಗಚ್ಚಿನಲ್ಲಿ ಎದ್ದ ದಪ್ಪ ಗೋಡೆ ಹೊರಗಿನ ಕಾವನ್ನು ಹಗಲೆಲ್ಲ ತಡೆದು ಹಿಡಿಯುತ್ತದೆ. ಮರದ ತೊಲೆ, ಜಂತಿಯ ಮೇಲೆ ಮಣ್ಣಿನ ಮೇಲ್ಮುದ್ದೆ ಹಾಕಿದ ಮಾಳಿಗೆ. ನಡುವೆ ಒಂದು ಬೆಳಕಿಂಡಿ. ದೊಡ್ಡ ಬಾಗಿಲು ದಾಟಿದರೆ ಎರಡೂ ಕಡೆ ಕಟ್ಟೆ, ಆಮೇಲೆ ತೆರೆದ ಅಂಗಳ, ಅದರ ಸುತ್ತ ಕಂಬಸಾಲಿನ ಪಡಸಾಲೆ. ಅಂಗಳದಲ್ಲಿ ಕಾದ ಗಾಳಿ ಮೇಲಕ್ಕೇರಿದಂತೆ ಪಡಸಾಲೆಯ ತಂಪು ಗಾಳಿ ಒಳಗೆ ಸರಿಯುತ್ತದೆ. ಹಿತ್ತಿಲಲ್ಲಿ ಬಾವಿ. ನೂರಾರು ಜನರ ಅಡುಗೆಯ ದೊಡ್ಡ ಒಲೆಗಳು ಉರಿಯುವುದು ಮಲಗುವ, ಕೂಡುವ ಜಾಗದಿಂದ ದೂರ, ಆಕಾಶದ ಕೆಳಗೆ. ಬಂಡಿ ಕಟ್ಟಿಕೊಂಡು ಬಂದ ಬೀಗರಿಗೆ, ಅವರ ಎತ್ತುಗಳಿಗೆ ತಂಗಲು ಜಾಗ.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕೂಡ ಇದೇ ಪಾಠ ಹೇಳುತ್ತದೆ. ಲಿವರ್‌ಪೂಲಿನಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬಂದು ಅಧಿಕಾರ ವಹಿಸಿಕೊಳ್ಳುವ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ. ಆ ಹುಡುಗ ದೊರೆ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಟೇಲರ್ ತನ್ನ ಮನೆಯನ್ನು ಊರೊಳಗೆ ಕಟ್ಟದೆ ಗಾಳಿ ಬೀಸುವ ಗುಡ್ಡದ ಮೇಲೆ ಕಟ್ಟಿದ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು, ಸೆರೆ ಸಿಕ್ಕು, ಅದೇ ವರ್ಷ ತೀರಿಕೊಂಡ. ಸಂಸ್ಥಾನ ನಿಜಾಮನ ಪಾಲಾಯಿತು. ದೊರೆ ಹೋದ, ಆಡಳಿತಗಾರ ಹೋದ. ಬಿಸಿಲನ್ನು ಅರಿತು ಕಟ್ಟಿದ ಕಟ್ಟಡ ಮಾತ್ರ ಇಂದಿಗೂ ಅತಿಥಿಗೃಹವಾಗಿ ನಿಂತಿದೆ.

ವಾಡೆಗಳ ಕಥೆ ಬೇರೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಮರುವರ್ಷವೇ ಜಾಗೀರುಗಳು ರದ್ದಾದವು. ಆಮೇಲೆ 1961ರ ಭೂಸುಧಾರಣಾ ಕಾಯ್ದೆ, 1974ರ ತಿದ್ದುಪಡಿ ಬಂದು ಉಳುವವನಿಗೆ ಭೂಮಿ ಸಿಕ್ಕಿತು. ಆಗಬೇಕಾದ ನ್ಯಾಯವೇ ಆಯಿತು. ಆದರೆ ವರ್ಷವರ್ಷ ಮೇಲ್ಮುದ್ದೆಗೆ ಮಣ್ಣು ಹಾಕಿಸುವ, ಗಚ್ಚು ಬಿಟ್ಟ ಕಡೆ ತುಂಬಿಸುವ ಆದಾಯ ವಾಡೆಗಳಿಗೆ ಉಳಿಯಲಿಲ್ಲ. ಮನೆತನಗಳು ಒಡೆದವು, ಮಕ್ಕಳು ಪಟ್ಟಣ ಸೇರಿದರು. ಎಷ್ಟೋ ಕಡೆ ತೊಲೆ, ಕೆತ್ತನೆಯ ಬಾಗಿಲು ಗುಜರಿಯವರ ಪಾಲಾದವು. ಮಣ್ಣಿನ ಮಾಳಿಗೆಯನ್ನು ಎರಡು ಮಳೆಗಾಲ ನೋಡದೆ ಬಿಟ್ಟರೆ ಸಾಕು, ನೀರು ಇಳಿದು ತೊಲೆ ಕೊಳೆಯುತ್ತದೆ, ಮೂರನೆಯದರಲ್ಲಿ ಕುಸಿಯುತ್ತದೆ.

ಇನ್ನೊಂದು ಸತ್ಯವನ್ನೂ ಹೇಳಲೇಬೇಕು. ಈ ನೆರಳು ಎಲ್ಲರಿಗೂ ಸಿಕ್ಕಿದ್ದಲ್ಲ. ವಾಡೆಯ ಮದುವೆಗೆ ಹಂದರ ಹೊತ್ತವರು, ಹಲಗೆ ಬಾರಿಸಿದವರು, ಕಟ್ಟಿಗೆ ಒಡೆದವರು, ಐರಾಣಿ ಗಡಿಗೆ ಮಾಡಿಕೊಟ್ಟವರು ಊಟಕ್ಕೆ ಕೂತದ್ದು ದೊಡ್ಡ ಬಾಗಿಲಿನ ಹೊರಗೆ. ಅವರದೇ ಮನೆಯ ಮದುವೆ ನಡೆದದ್ದು ಬಟಾಬಯಲಿನಲ್ಲಿ. ವಾಡೆಯನ್ನು ಇಂದು ಹೊಗಳುವವರು ಈ ಬಾಗಿಲಿನ ಲೆಕ್ಕವನ್ನೂ ಒಪ್ಪಿಸಬೇಕು.

ಅರಮನೆ ಸುಟ್ಟ ಮದುವೆ

ಕನ್ನಡ ನಾಡಿನಲ್ಲಿ ಚಾರಿತ್ರಿಕ ಕಟ್ಟಡದೊಳಗಿನ ಮದುವೆ ಎಂದರೆ ಎಲ್ಲರ ಕಣ್ಣು ಹೋಗುವುದು ಮೈಸೂರಿನ ಕಡೆಗೆ. 2016ರ ಜೂನ್ 27ರಂದು ಅಂಬಾವಿಲಾಸ ಅರಮನೆಯ ಕಲ್ಯಾಣ ಮಂಟಪದಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಮತ್ತು ರಾಜಸ್ಥಾನದ ಡುಂಗರಪುರ ರಾಜಮನೆತನದ ತ್ರಿಷಿಕಾ ಕುಮಾರಿ ಅವರ ವಿವಾಹ ನಡೆಯಿತು. ಅಷ್ಟಕೋನದ ಆ ಮಂಟಪದ ಕಬ್ಬಿಣದ ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದು ಬಂದವು. ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜು, ಗೋಡೆಗೆ ದಸರಾ ಮೆರವಣಿಗೆಯ ವರ್ಣಚಿತ್ರಗಳು. ಟಿ.ವಿ. ಮುಂದೆ ಕೂತ ಜನ ಮದುಮಕ್ಕಳ ಒಡವೆ ವಸ್ತ್ರಗಳನ್ನು ಕಣ್ತುಂಬ ನೋಡಿದರು. ಮುಹೂರ್ತ ಬೆಳಗಿನ ಹೊತ್ತಿನಲ್ಲೇ ಇತ್ತು ಎಂಬುದನ್ನು ಗಮನಿಸಿದವರು ಕಡಿಮೆ.

ಆ ಮಂಟಪ ಹುಟ್ಟಿದ್ದೇ ಒಂದು ಮದುವೆಯ ದುರಂತದಿಂದ. 1897ರ ಫೆಬ್ರುವರಿಯಲ್ಲಿ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿ ಅವರ ವಿವಾಹದ ಸಂಭ್ರಮ ನಡೆದಿತ್ತು. ಮರದ ಹಳೆಯ ಅರಮನೆಗೆ ಆಗ ಬೆಂಕಿ ಬಿದ್ದು ಬಹುಭಾಗ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕ್ಷೆಯಂತೆ 1912ರಲ್ಲಿ ಮುಗಿದ ಹೊಸ ಅರಮನೆಗೆ ಸುಮಾರು 41 ಲಕ್ಷ ರೂಪಾಯಿ ಹಿಡಿಯಿತು. ಈ ಸಲ ಕಲ್ಲು ಮತ್ತು ಕಬ್ಬಿಣವನ್ನು ಧಾರಾಳವಾಗಿ ಬಳಸಿದರು. ರಾಜಮನೆತನ ಬೆಂಕಿಯಿಂದ ಪಾಠ ಕಲಿತು ಕಟ್ಟಡವನ್ನೇ ಬದಲಿಸಿತು.

ದೋರನಹಳ್ಳಿ ಮರೆಯಬಾರದ ದಿನ

ದೋರನಹಳ್ಳಿಗೂ ಒಂದು ಬೆಂಕಿಯ ನೆನಪಿದೆ. 2022ರ ಫೆಬ್ರುವರಿಯಲ್ಲಿ ಇಲ್ಲಿಯ ಮನೆಯೊಂದರ ಸೀಮಂತ ಕಾರ್ಯದಲ್ಲಿ ಅಡುಗೆ ಅನಿಲದ ಸಿಲಿಂಡರಿನಿಂದ ಬೆಂಕಿ ಹಬ್ಬಿ ಹಲವರು ಸುಟ್ಟು ಗಾಯಗೊಂಡರು. ಮಕ್ಕಳೂ ಹೆಂಗಸರೂ ಸೇರಿ ಒಬ್ಬರ ಹಿಂದೆ ಒಬ್ಬರು ಪ್ರಾಣ ಬಿಟ್ಟರು. ಹರಸಲು ಬಂದವರು ಮನೆಗೆ ಮರಳಲಿಲ್ಲ. ಆ ಮನೆಗಳ ನೋವಿಗೆ ಯಾವ ಮಾತೂ ಸಾಲದು. ನಮ್ಮ ಕೈಲಿರುವುದು ಇಷ್ಟೇ: ಅಂಥದ್ದು ಇನ್ನೊಂದು ಊರಿನಲ್ಲಿ ಆಗದಂತೆ ನೋಡಿಕೊಳ್ಳುವುದು.

ನೂರಾರು ಜನರ ಅಡುಗೆಯನ್ನು ನಾಲ್ಕು ಜನರ ಮನೆಯೊಳಗೆ ಮಾಡಬಾರದು ಎಂಬುದು ಮೊದಲ ಪಾಠ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಚದುರುವುದಿಲ್ಲ, ನೆಲದ ಮಟ್ಟದಲ್ಲಿ ಹರಡಿ ತಗ್ಗಿನಲ್ಲಿ, ಮೂಲೆಯಲ್ಲಿ ತುಂಬಿಕೊಳ್ಳುತ್ತದೆ. ಇಕ್ಕಟ್ಟಾದ ಮನೆಯಲ್ಲಿ ಒಂದು ಕಿಡಿ ಸಾಕು. ಸಿಲಿಂಡರ್ ಬಯಲಿನಲ್ಲಿ, ನೆರಳಿನಲ್ಲಿ, ನೆಟ್ಟಗೆ ನಿಂತಿರಬೇಕು. ಒಲೆಗೂ ಅದಕ್ಕೂ ಅಂತರವಿರಬೇಕು. ಹಳೆಯ, ಬಿರುಕು ಬಿಟ್ಟ ರಬ್ಬರ್ ನಳಿಗೆಯನ್ನು ಬಾಡಿಗೆ ಸಾಮಾನಿನ ಜೊತೆ ಬಂತೆಂದು ಹಾಗೇ ಜೋಡಿಸಬಾರದು. ಮಕ್ಕಳು ಆಡುವ ಜಾಗಕ್ಕೂ ಅಡುಗೆಯ ಜಾಗಕ್ಕೂ ನಡುವೆ ಗೋಡೆಯೋ ಕಟ್ಟೆಯೋ ಇರಬೇಕು. ಒಂದು ತೊಟ್ಟಿ ನೀರು, ನಾಲ್ಕು ಚೀಲ ಮರಳು ಪಕ್ಕದಲ್ಲಿರಬೇಕು. ಇದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾದದ್ದು ಜಾಗ. ವಾಡೆಯ ಹಿತ್ತಿಲು ಕೊಡುತ್ತಿದ್ದದ್ದು ಅದನ್ನೇ.

ದುಗ್ಗಳೆಯ ಸೀಮೆಯವರು ನಾವು

ಜಾಗದ ಮಾತಾಯಿತು, ಖರ್ಚಿನ ಮಾತೂ ಆಗಬೇಕು. ರಾಜಸ್ಥಾನದ ಅರಮನೆಗಳಲ್ಲಿ, ಇಟಲಿಯ ಸರೋವರದ ದಂಡೆಯ ಹಳೆಯ ಬಂಗಲೆಗಳಲ್ಲಿ ನಡೆಯುವ ತಾರೆಯರ ಮದುವೆಗಳು ಈಗ ಹಳ್ಳಿಯ ಹುಡುಗನ ಮೊಬೈಲಿಗೂ ಬರುತ್ತವೆ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2018ರಲ್ಲಿ ರಣವೀರ್ ಸಿಂಗ್ ಅವರನ್ನು ವರಿಸಿದ್ದು ಇಟಲಿಯ ಕೋಮೊ ಸರೋವರದ ದಂಡೆಯಲ್ಲಿ, 18ನೇ ಶತಮಾನದ ಒಂದು ಬಂಗಲೆಯಲ್ಲಿ. ದುಡ್ಡಿದ್ದವರು ಮಾಡಿಕೊಳ್ಳಲಿ, ತಕರಾರಿಲ್ಲ. ಅದನ್ನು ನೋಡಿ ಇಲ್ಲಿ ಥರ್ಮಾಕೋಲಿನ ಅರಮನೆ, ಬಾಡಿಗೆಯ ಸಿಂಹಾಸನ, ಕಿವಿ ಬಿರಿಯುವ ಡಿ.ಜೆ. ಬಂದಿವೆ. ಅದರ ಸಾಲ ತೀರಿಸಲು ಮದುವೆಯಾದ ತಿಂಗಳೊಪ್ಪತ್ತಿಗೆ ಗಂಡಹೆಂಡತಿ ಇಬ್ಬರೂ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹೊಸ ಸಂಸಾರದ ಮೊದಲ ಮನೆ ಕಟ್ಟಡದ ಪಕ್ಕದ ತಗಡಿನ ಜೋಪಡಿ. ಇದು ನೋಡಿ ಸುಮ್ಮನಿರುವ ಸಂಗತಿಯಲ್ಲ.

ನಮ್ಮದೇ ಜಿಲ್ಲೆಯ ಮುದನೂರು ದೇವರ ದಾಸಿಮಯ್ಯನ ಊರು. ನೇಯ್ಗೆಯ ಕಾಯಕದ ಆ ವಚನಕಾರ ಹೆಣ್ಣು ನೋಡಲು ಹೊರಟ ಐತಿಹ್ಯವನ್ನು ಈ ಸೀಮೆಯವರು ಬಲ್ಲರು. ಮರಳು ಬೆರೆತ ಅಕ್ಕಿ ಮತ್ತು ಕಬ್ಬು ಕೊಟ್ಟು, ನೀರು ಸೌದೆ ಮುಟ್ಟದೆ ಪಾಯಸ ಮಾಡಬಲ್ಲ ಹುಡುಗಿ ಬೇಕು ಎಂದನಂತೆ. ದುಗ್ಗಳೆ ಎಂಬ ಹುಡುಗಿ ಕಬ್ಬಿನ ರಸದಲ್ಲಿ ಅಕ್ಕಿ ಬೇಯಿಸಿ, ಸಿಪ್ಪೆಯನ್ನೇ ಉರಿಸಿ ಪಾಯಸ ಬಡಿಸಿದಳಂತೆ. ಒಂದು ಕಾಳೂ ಒಂದು ಸಿಪ್ಪೆಯೂ ವ್ಯರ್ಥವಾಗದ ಆ ಮದುವೆಯಿಂದ ಸತಿಪತಿಗಳು ಸರಿಸಮನಾಗಿ ದುಡಿದ ಸಂಸಾರ ಹುಟ್ಟಿತು. ಮಲೆನಾಡಿನಲ್ಲಿ 1966ರ ನವೆಂಬರಿನಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ವಿವಾಹವನ್ನು ಮೂಡಿಗೆರೆ ಬಳಿಯ ‘ಚಿತ್ರಕೂಟ’ ತೋಟದಲ್ಲಿ ಮಂತ್ರ ಮಾಂಗಲ್ಯದ ರೀತಿಯಲ್ಲಿ ನೆರವೇರಿಸಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಅಬ್ಬರವಿಲ್ಲ. ಇಷ್ಟು ವರ್ಷಗಳ ಮೇಲೂ ಕನ್ನಡಿಗರು ಗೌರವದಿಂದ ನೆನೆಯುವ ಮದುವೆ ಅದು.

ಘನತೆಯ ಮದುವೆಗೆ ಮದುಮಕ್ಕಳ ವಯಸ್ಸೂ ಒಂದು ಷರತ್ತು. ಹುಡುಗಿಗೆ 18, ಹುಡುಗನಿಗೆ 21 ತುಂಬಿರಲೇಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ನಮ್ಮಲ್ಲಿ ಬಾಲ್ಯವಿವಾಹಕ್ಕೆ ಆರಂಭದಿಂದಲೇ ಕಾನೂನಿನ ಮಾನ್ಯತೆ ಇಲ್ಲ. ದುಡಿಯಲು ದೂರ ಹೋಗುವ ಅಪ್ಪ ಅವ್ವ, ಬೆಳೆದ ಮಗಳನ್ನು ಯಾರ ಬಳಿ ಬಿಟ್ಟು ಹೋಗಲಿ ಎಂದು ಚಿಂತಿಸಿ ಬೇಗ ಕೈ ತೊಳೆದುಕೊಳ್ಳುವುದುಂಟು. ಅವರ ಭಯ ನಿಜ, ಅದಕ್ಕೆ ಮದುವೆ ಮದ್ದಲ್ಲ. ಹೆಣ್ಣುಮಕ್ಕಳ ಹಾಸ್ಟೆಲ್, ಕಾಲೇಜು ಮದ್ದು. ಎಳೆಯ ಹುಡುಗಿಯ ಮದುವೆಯ ಸುದ್ದಿ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ಊರಿನವರ ಧರ್ಮ.

ಮಾಡಬಹುದಾದ ಕೆಲಸ

ಉಳಿದಿರುವ ವಾಡೆಗಳನ್ನು ಮದುವೆಗೆ ತೆರೆಯುವುದು ಕನಸಿನ ಮಾತಲ್ಲ. ಹಳೆಯ ಕಟ್ಟಡ ಬಳಕೆಯಲ್ಲಿದ್ದರೆ ಮಾತ್ರ ಉಳಿಯುತ್ತದೆ. ಬಾಡಿಗೆಯಿಂದ ಬಂದ ಹಣ ಮೇಲ್ಮುದ್ದೆಗೆ, ಗಚ್ಚಿಗೆ ಹೋಗಲಿ. ದುರಸ್ತಿಯನ್ನು ಸುಣ್ಣದ ಗಚ್ಚಿನಲ್ಲೇ ಮಾಡಿಸಲಿ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾಗದೆ ಗೋಡೆ ಒಳಗೊಳಗೇ ಪುಡಿಯಾಗುತ್ತದೆ. ಮಾಳಿಗೆಯ ಮೇಲೆ ಜನ ಹತ್ತದಂತೆ, ಪಡಸಾಲೆಯ ಕಂಬಕ್ಕೆ ಮೊಳೆ ಹೊಡೆಯದಂತೆ, ಪಟಾಕಿ, ಡಿ.ಜೆ. ಒಳಗೆ ಬಾರದಂತೆ ಕರಾರು ಇರಲಿ. ಮೊದಲು ಎಂಜಿನಿಯರ್ ಒಬ್ಬರು ತೊಲೆ, ಗೋಡೆ ನೋಡಿ ಸೈ ಎನ್ನಬೇಕು. ಸರ್ಕಾರದ ರಕ್ಷಣೆಯಲ್ಲಿರುವ ಕೋಟೆ, ಗುಡಿ, ಸ್ಮಾರಕಗಳ ಮಾತು ಬೇರೆ. ಕೇಂದ್ರದ ರಕ್ಷಿತ ಸ್ಮಾರಕಗಳಲ್ಲಿ ಲಿಖಿತ ಅನುಮತಿ ಇಲ್ಲದೆ ಆರತಕ್ಷತೆ, ಔತಣ ನಡೆಸುವಂತಿಲ್ಲ ಎಂದು 1959ರ ನಿಯಮಗಳು ಹೇಳುತ್ತವೆ. ಅವುಗಳನ್ನು ಅವುಗಳ ಪಾಡಿಗೆ ಬಿಡುವುದೇ ಸರಿ.

ವಾಡೆ ಇಲ್ಲದ ಊರಿನಲ್ಲಿ ಸಮುದಾಯ ಭವನ ಕಟ್ಟುವಾಗಲಾದರೂ ವಾಡೆಯ ಬುದ್ಧಿಯನ್ನು ಎರವಲು ಪಡೆಯೋಣ. ತಗಡಿನ ಎತ್ತರದ ಪೆಟ್ಟಿಗೆಯ ಬದಲು ನಡು ಅಂಗಳ, ಸುತ್ತ ಪಡಸಾಲೆ, ಹಿಂದೆ ಬಯಲಿನ ಅಡುಗೆ ಕಟ್ಟೆ, ನಾಲ್ಕು ಬೇವಿನ ಮರ. ಮುಹೂರ್ತವನ್ನೂ ಸರಿಸಬಹುದು. ಬೆಳಿಗ್ಗೆ ಒಂಬತ್ತರೊಳಗೆ ಲಗ್ನ ಬರುತ್ತದೆ, ಸಂಜೆಗೆ ಗೋರಜ ಮುಹೂರ್ತ ಇದೆ. ಪಂಚಾಂಗ ನೋಡುವ ಅಯ್ಯನವರನ್ನು ಕೇಳಿದರೆ ಹುಡುಕಿಕೊಡುತ್ತಾರೆ. ಕೇಳಬೇಕಾದವರು ನಾವು.

ವಾಡೆಗಳನ್ನು ಉಳಿಸಿಕೊಂಡಿರುವ ಮನೆತನಗಳಿಗೆ ಕೊನೆಯದಾಗಿ ಒಂದು ಬಿನ್ನಹ. ನಿಮ್ಮ ಹಿರಿಯರು ಆ ಗೋಡೆ ಎಬ್ಬಿಸಿದ್ದು ಊರಿನವರ ಕೈಯಿಂದ. ಕಲ್ಲು ಹೊತ್ತವರ, ಮಣ್ಣು ತುಳಿದವರ ಮರಿಮೊಮ್ಮಕ್ಕಳು ಇಂದು ಮದುವೆಗೆ ನೆರಳಿಲ್ಲದೆ ತಗಡಿನಡಿ ಕೂತಿದ್ದಾರೆ. ವಾಡೆಯನ್ನು ದುರಸ್ತಿ ಮಾಡಿಸಿ, ಬಡವರ ಕೈಗೆಟುಕುವ ದರ ಇಡಿ. ಯಾವ ಓಣಿಯ, ಯಾವ ಜಾತಿಯ ಮದುಮಗಳೇ ಆಗಲಿ, ದೊಡ್ಡ ಬಾಗಿಲಿನಿಂದಲೇ ಒಳಗೆ ಬರಲಿ. ಹಾಗೆ ತೆರೆದುಕೊಂಡ ವಾಡೆ ಮಾತ್ರ ಊರಿನ ಆಸ್ತಿಯಾಗುತ್ತದೆ, ಊರಿನವರೇ ಅದನ್ನು ಕಾಯುತ್ತಾರೆ.